ಸ್ಟೇರಿಂಗ್ ಹಿಡಿದ ಕೈಗೆ ಮಾಸ್ತರಿಕೆಯೂ ಬರಲಿ!

(ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಂದ ಬಂದು ಪಟ್ಟಣಗಳಲ್ಲಿ ದುಡಿಯುತ್ತಿರುವ ಯುವಕ ಯುವತಿಯರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಇಂಥ ಸಭೆಗಳಲ್ಲಿ ಮೈಕಿನ ಮುಂದೆ ನಿಂತವರೆಲ್ಲ ಸರ್ಕಾರದ ಕಡೆ ಮುಖ ಮಾಡಿ 'ಕನ್ನಡಿಗರಿಗೆ ಕೆಲಸ ಕೊಡಿ' ಎಂದು ಕೇಳುತ್ತಾರೆ. ಕೇಳಬೇಕಾದ ಮಾತೇ ಅದು. ಸರೋಜಿನಿ ಮಹಿಷಿ ವರದಿ 1986ರಲ್ಲಿ ಸರ್ಕಾರದ ಕೈ ಸೇರಿತು. ನಮ್ಮ ಭಾಗಕ್ಕೆ 371ಜೆ ವಿಧಿ ಬಂದದ್ದು 2012ರಲ್ಲಿ ಸಂಸತ್ತು ಒಪ್ಪಿದ ಸಂವಿಧಾನದ 98ನೇ ತಿದ್ದುಪಡಿಯಿಂದ. ಆ ಹಕ್ಕುಗಳಿಗಾಗಿ ಕೇಳುತ್ತಲೇ ಇರೋಣ. ಆದರೆ ಇವತ್ತು ನಾನು ಬೇರೆಯವರು ಕೊಡಬೇಕಾದ ಕೆಲಸದ ಮಾತು ಆಡಲು ಬಂದಿಲ್ಲ. ನಿಮ್ಮ ಕೈಯಲ್ಲಿ ಈಗಾಗಲೇ ಇರುವ, ಆದರೆ ಒಂದು ಕಾಗದ ಇಲ್ಲದ ಕಾರಣಕ್ಕೆ ಕೈ ಜಾರುತ್ತಿರುವ ಕೆಲಸದ ಮಾತು ಆಡಲು ಬಂದಿದ್ದೇನೆ.

ನಮ್ಮ ಮೂರು ತಾಲ್ಲೂಕುಗಳನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಕಬ್ಬಿನ ಹಂಗಾಮು ಬಂತೆಂದರೆ ಭೂಸನೂರಿನ ದಾರಿಯಲ್ಲಿ, ಹವಳಗಾ ದಾರಿಯಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಸಾಲು. ಹುಣ್ಣಿಮೆಗೆ ಗಾಣಗಾಪುರಕ್ಕೆ, ಅಮಾವಾಸ್ಯೆಗೆ ಘತ್ತರಗಿ ಭಾಗ್ಯವಂತಿಗೆ ಜನ ತುಂಬಿಕೊಂಡು ಓಡುವ ಕ್ರೂಸರುಗಳು. ಜೇವರ್ಗಿಯಲ್ಲಿ ಬೀದರಿನ ಕಡೆಯಿಂದ ಬರುವ ರಾಷ್ಟ್ರೀಯ ಹೆದ್ದಾರಿ 50 ವಿಜಯಪುರದತ್ತ ಸಾಗಿದರೆ, ಚಾಮರಾಜನಗರದವರೆಗೆ ಹೋಗುವ 150ಎ ಹೆದ್ದಾರಿ ಅಲ್ಲಿಂದಲೇ ಹೊರಡುತ್ತದೆ. ಊರಲ್ಲಿ ಟಂಟಂ, ಬೆಂಗಳೂರಲ್ಲಿ ಕ್ಯಾಬ್, ಪುಣೆಯಲ್ಲಿ ಟೆಂಪೊ, ಹೈದರಾಬಾದಿನಲ್ಲಿ ಲಾರಿ. ಎಲ್ಲಿ ನೋಡಿದರೂ ಸ್ಟೇರಿಂಗಿನ ಹಿಂದೆ ನಮ್ಮ ಹುಡುಗ! ಗಾಡಿ ಹೊಡೆಯುವುದು ನಮ್ಮವರಿಗೆ ನೀರು ಕುಡಿದಷ್ಟು ಸಲೀಸು.

ಆದರೆ ನಿಮಗೆ ಗಾಡಿ ಕಲಿಸಿದವರು ಯಾರು? ಕ್ಲೀನರ್ ಆಗಿ ಸೇರಿದಿರಿ. ಉಸ್ತಾದ ಚಹಾ ತರಿಸಿದ, ಟಾಯರ್ ಬಿಚ್ಚಿಸಿದ, ಗಾಜು ಒರೆಸಿಸಿದ. ಎರಡು ವರ್ಷದ ಮೇಲೆ ಒಂದು ರಾತ್ರಿ ಅವನಿಗೆ ನಿದ್ದೆ ಬಂದಾಗ ಸ್ಟೇರಿಂಗ್ ನಿಮ್ಮ ಕೈಗೆ ಬಂತು. ಕೈ ಕಲಿಯಿತು, ಕಾಲು ಕಲಿಯಿತು. ರಸ್ತೆಯ ನಿಯಮವನ್ನು ಯಾರೂ ಹೇಳಿಕೊಡಲಿಲ್ಲ. 2022ರ ಒಂದೇ ವರ್ಷದಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಇದು ಕೇಂದ್ರ ಸಾರಿಗೆ ಸಚಿವಾಲಯವೇ ಕೊಟ್ಟ ಲೆಕ್ಕ. ಸರಿಯಾಗಿ ಕಲಿಸುವ ಮಾಸ್ತರರು ನಮಗೆ ಎಷ್ಟು ಬೇಕಾಗಿದ್ದಾರೆ ಎಂದು ಇದಕ್ಕಿಂತ ಬಿಡಿಸಿ ಹೇಳಬೇಕೆ?

ಇನ್ನೊಂದು ಮಾತು. ಡ್ರೈವರ್ ಕೆಲಸ ಮೈಯನ್ನು ತಿನ್ನುವ ಕೆಲಸ. ಬೆನ್ನು, ಕಣ್ಣು, ನಿದ್ದೆ ಮೂರನ್ನೂ ಕೊಟ್ಟು ಸಂಬಳ ತರುವ ಕೆಲಸ. ನಲವತ್ತು ದಾಟಿದ ಮೇಲೆ ಏನು? ಅದೇ ವಿದ್ಯೆಯನ್ನು ನಿಮ್ಮ ಊರಲ್ಲೇ ಹಗಲು ಹೊತ್ತಿನಲ್ಲಿ ಕಲಿಸಿ, ಮರ್ಯಾದೆಯಿಂದ ಬದುಕುವ ದಾರಿ ಒಂದಿದೆ. ಅದೇ ಡ್ರೈವಿಂಗ್ ಶಾಲೆಯ ಮಾಸ್ತರಿಕೆ. ಕಿಸೆಯಲ್ಲಿ ದುಡ್ಡಿಲ್ಲದವರು ಆ ಮೆಟ್ಟಿಲು ಹತ್ತುವುದು ಹೇಗೆ ಎನ್ನುವುದೇ ಇವತ್ತಿನ ವಿಷಯ.

ಕಾನೂನು ಕೇಳುವುದು ಇಷ್ಟೇ

ಮೋಟಾರು ವಾಹನ ಕಾಯ್ದೆ 1988ರದ್ದು. ಅದರ 12ನೇ ಕಲಮು ಡ್ರೈವಿಂಗ್ ಶಾಲೆಗಳ ಕುರಿತದ್ದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 24ನೇ ನಿಯಮ, ಕಲಿಸುವವನಿಗೆ ಏನೇನು ಇರಬೇಕು ಎಂದು ಪಟ್ಟಿ ಮಾಡಿದೆ. ದಲ್ಲಾಳಿಗಳ ಬಾಯಲ್ಲಿ ಅದು ದೊಡ್ಡ ಬೆಟ್ಟ. ಓದಿ ನೋಡಿದರೆ ಐದೇ ಕಲ್ಲು.

ಒಂದು, ಹತ್ತನೇ ತರಗತಿ ಪಾಸಾಗಿರಬೇಕು. ಎರಡು, ಐದು ವರ್ಷ ಗಾಡಿ ಓಡಿಸಿದ ಅನುಭವ ಇರಬೇಕು. ಅದರ ಜೊತೆಗೆ ಸರ್ಕಾರಿ ಅಥವಾ ತಾಂತ್ರಿಕ ಶಿಕ್ಷಣ ಮಂಡಳಿಯ ಮಾನ್ಯತೆ ಪಡೆದ ಸಂಸ್ಥೆಯಿಂದ ಮೋಟಾರು ಮೆಕ್ಯಾನಿಕ್ ಕೋರ್ಸಿನ ಪ್ರಮಾಣಪತ್ರ ಅಥವಾ ಮೆಕ್ಯಾನಿಕಲ್ ಎಂಜಿನಿಯರಿಂಗಿನಲ್ಲಿ ಅದಕ್ಕಿಂತ ಹೆಚ್ಚಿನ ಓದು ಇರಬೇಕು. ಮೂರು, ಸಂಚಾರ ಚಿಹ್ನೆಗಳೂ ರಸ್ತೆ ನಿಯಮಗಳೂ ಚೆನ್ನಾಗಿ ಗೊತ್ತಿರಬೇಕು. ನಾಲ್ಕು, ಗಾಡಿಯ ಭಾಗಗಳು ಹೇಗೆ ಕೆಲಸ ಮಾಡುತ್ತವೆ ಎಂದು ತೋರಿಸಿ ವಿವರಿಸಲು ಬರಬೇಕು. ಐದನೆಯದನ್ನು ಕಿವಿಗೊಟ್ಟು ಕೇಳಿ: ಇಂಗ್ಲಿಷ್ ಅಥವಾ ಶಾಲೆ ಇರುವ ಪ್ರದೇಶದ ಭಾಷೆ ಸಾಕಷ್ಟು ಬರಬೇಕು!

ಈ 'ಅಥವಾ' ನಮ್ಮದು, ಬಂಧುಗಳೇ. ಇಂಗ್ಲಿಷ್ ಬಾರದವನು ಮಾಸ್ತರನಾಗಲಾರ ಎಂದು ಯಾರಾದರೂ ನಿಮ್ಮನ್ನು ಹೆದರಿಸಿದರೆ 24ನೇ ನಿಯಮ ತೋರಿಸಿ. ಕಲಬುರಗಿ ಸೀಮೆಯಲ್ಲಿ ಪ್ರದೇಶದ ಭಾಷೆ ಕನ್ನಡ. ಇದನ್ನು ನಾವು ಧರಣಿ ಕೂತು ಕೇಳಬೇಕಾಗಿಲ್ಲ. 1989ರ ನಿಯಮದ ಪುಸ್ತಕದಲ್ಲೇ ಇದೆ. ಬಳಸಿಕೊಳ್ಳುವವರು ಬೇಕು.

ಕಾಗದದ ಗಡಿಯಾರ ಇಂದೇ ಶುರುವಾಗಲಿ

ಬಡವನ ದೊಡ್ಡ ಬಂಡವಾಳ ಕಾಲ. ಅದನ್ನು ಪೋಲು ಮಾಡಿದರೆ ಮತ್ತೆ ಸಾಲ ಸಿಗುವುದಿಲ್ಲ. ಆದ್ದರಿಂದ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಎನ್ನುವುದರಲ್ಲೇ ಎಲ್ಲ ಇದೆ.

ಮೊದಲನೆಯದು ಲೈಸೆನ್ಸ್. ನೀವು ಹದಿನಾರನೇ ವಯಸ್ಸಿಗೇ ಟ್ರ್ಯಾಕ್ಟರ್ ಹೊಡೆದಿರಬಹುದು, ಆ ವರ್ಷಗಳು ಲೆಕ್ಕಕ್ಕಿಲ್ಲ. ಕಚೇರಿಯವರು ನೋಡುವುದು ಲೈಸೆನ್ಸಿನ ಮೇಲಿನ ತಾರೀಕು. ಹದಿನೆಂಟು ತುಂಬಿದ ವಾರವೇ ಎಲ್‌ಎಲ್‌ಗೆ ಅರ್ಜಿ ಹಾಕಿ. ಅದು ಆರು ತಿಂಗಳು ಚಾಲ್ತಿಯಲ್ಲಿರುತ್ತದೆ. ಮೂವತ್ತು ದಿನ ಕಳೆದ ಮೇಲೆ ಪಕ್ಕಾ ಲೈಸೆನ್ಸಿನ ಪರೀಕ್ಷೆ. ಕೇಂದ್ರದ ನಿಯಮದ ಪ್ರಕಾರ ಶುಲ್ಕ ಒಂದು ಬಗೆಯ ವಾಹನಕ್ಕೆ ಎಲ್‌ಎಲ್‌ಗೆ 150, ಅದರ ಪರೀಕ್ಷೆಗೆ 50, ಚಾಲನಾ ಪರೀಕ್ಷೆಗೆ 300, ಲೈಸೆನ್ಸಿಗೆ 200. ಒಟ್ಟು 700 ರೂಪಾಯಿ. ಸೇವಾ ಶುಲ್ಕ ಸೇರಿದರೆ ತುಸು ಹೆಚ್ಚು. ಇದಕ್ಕಾಗಿ ಏಜೆಂಟನಿಗೆ ಸಾವಿರಗಟ್ಟಲೆ ಸುರಿಯಬೇಡಿ. ಪರೀಕ್ಷೆ ಕೊಡದೆ ಲೈಸೆನ್ಸ್ ಕೊಂಡವನು ನಾಳೆ ಏನನ್ನು ಕಲಿಸಿಯಾನು?

ಎರಡನೆಯದು ಮೆಕ್ಯಾನಿಕ್ ಪ್ರಮಾಣಪತ್ರ. ಬಹಳ ಜನ ಎಡವುವುದು ಇಲ್ಲೇ. ಮೊದಲು ಐದು ವರ್ಷ ಗಾಡಿ ಹೊಡೆಯೋಣ, ಆಮೇಲೆ ಕೋರ್ಸ್ ನೋಡೋಣ ಎನ್ನುತ್ತಾರೆ. ಅಷ್ಟು ಹೊತ್ತಿಗೆ ಮದುವೆ, ಮಕ್ಕಳು, ಸಾಲದ ಕಂತು. ಐಟಿಐ ಬೆಂಚಿನ ಮೇಲೆ ಕೂರಲು ಪುರುಸೊತ್ತೆಲ್ಲಿ? ಹಾಗೆ ಮಾಡಬೇಡಿ. ಐಟಿಐಯಲ್ಲಿ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಎಂಬ ಎರಡು ವರ್ಷದ ಟ್ರೇಡ್ ಇದೆ, ಹತ್ತನೇ ಪಾಸಾದವರಿಗೆ. ಲೈಸೆನ್ಸ್ ಕಿಸೆಯಲ್ಲಿಟ್ಟುಕೊಂಡೇ ಸೇರಿ. ಬೆಳಿಗ್ಗೆ ಐಟಿಐ, ಸಂಜೆ ಮತ್ತು ರಜೆಯಲ್ಲಿ ಗಾಡಿ. ಎರಡೂ ಒಟ್ಟಿಗೇ ಸಾಗಲಿ. ಯಾವ ಊರಿನ ಐಟಿಐಯಲ್ಲಿ ಈ ಟ್ರೇಡ್ ಇದೆ ಎಂದು ಪ್ರವೇಶದ ಪಟ್ಟಿಯಲ್ಲೇ ನೋಡಿಕೊಳ್ಳಿ. ಸರ್ಕಾರಿ ಸೀಟಿಗೇ ಮೊದಲು ಕೈ ಹಾಕಿ. ಡೀಸೆಲ್ ಮೆಕ್ಯಾನಿಕ್ ಮುಂತಾದ ಬೇರೆ ಟ್ರೇಡ್ ಮಾಡಿದವರು, ಅದು ಮಾಸ್ತರಿಕೆಗೆ ನಡೆಯುತ್ತದೆಯೇ ಎಂದು ಕಲಬುರಗಿಯ ಪ್ರಾದೇಶಿಕ ಸಾರಿಗೆ ಕಚೇರಿಗೆ ಕನ್ನಡದಲ್ಲೇ ಅರ್ಜಿ ಬರೆದು, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಬಾಯಿಮಾತು ನಾಳೆ ಬದಲಾಗುತ್ತದೆ, ಬರಹ ಬದಲಾಗುವುದಿಲ್ಲ.

ಎಸ್ಸೆಸ್ಸೆಲ್ಸಿ ಫೇಲಾಗಿ ಗಾಡಿ ಹತ್ತಿದವರೂ ಇಲ್ಲಿದ್ದೀರಿ. ಸಾರಿಗೆ ವಾಹನ ಓಡಿಸಲು ಎಂಟನೇ ತರಗತಿ ಬೇಕು ಎಂಬ ಷರತ್ತನ್ನು ಕೇಂದ್ರ 2019ರಲ್ಲಿ ತೆಗೆದುಹಾಕಿತು. ಅದು ಡ್ರೈವರಿಗೆ ಮಾತ್ರ. ಮಾಸ್ತರನಿಗೆ ಹತ್ತನೆಯದು ಬೇಕೇ ಬೇಕು. ಹತ್ತು ವರ್ಷ ಘಾಟಿನಲ್ಲಿ ಲಾರಿ ಇಳಿಸಿದ ಕೈ, ಉಳಿದ ಎರಡು ವಿಷಯಗಳಿಗೆ ಸೋಲಬೇಕೆ? ಪರೀಕ್ಷೆ ಕಟ್ಟಿ, ಪಾಸಾಗಿ. ಇದು ನಾಚಿಕೆಯ ಮಾತಲ್ಲ, ಅನ್ನದ ಮಾತು.

ಮೂರನೆಯದು ಅನುಭವದ ದಾಖಲೆ. ಯಾವ ಮಾಲೀಕನ ಹತ್ತಿರ ಎಷ್ಟು ತಿಂಗಳು, ಯಾವ ಗಾಡಿ? ಕೆಲಸ ಬಿಡುವ ದಿನವೇ ಒಂದು ಪತ್ರ ಬರೆಸಿಕೊಳ್ಳಿ. ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುವವರು ಒಪ್ಪಂದ, ಬಾಡಿಗೆಯ ಲೆಕ್ಕ ಎಲ್ಲವನ್ನೂ ಒಂದು ಫೈಲಿನಲ್ಲಿಡಿ. ಇಪ್ಪತ್ತು ತುಂಬಿದವರಿಗೆ ಇನ್ನೊಂದು ಅನುಕೂಲವಿದೆ. ಎಲ್‌ಎಂವಿ ಲೈಸೆನ್ಸ್ ಇದ್ದರೆ 7,500 ಕಿಲೊ ಮೀರದ ಸಾರಿಗೆ ವಾಹನ ಓಡಿಸಲು ಬೇರೆ ಅನುಮೋದನೆ ಬೇಡ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪು ಕೊಟ್ಟಿದೆ. ಅಂದರೆ ಖರ್ಚಿಲ್ಲದೆ, ಸಂಬಳ ಪಡೆಯುತ್ತಲೇ ಐದು ವರ್ಷ ತುಂಬಿಸಬಹುದು.

ಹಾಸಿಗೆ ಇದ್ದಷ್ಟು ಕಾಲು ಚಾಚಿ

ಮಾಸ್ತರನಾಗಲು ಸ್ವಂತ ಶಾಲೆ ಬೇಕಿಲ್ಲ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಶಾಲೆ ಇಟ್ಟವನಿಗಾಗಲಿ ಅವನು ಕಲಿಸಲು ಇಟ್ಟುಕೊಂಡ ಸಿಬ್ಬಂದಿಗಾಗಲಿ ಅರ್ಹತೆ ಇದ್ದರೆ ಸಾಕು ಎನ್ನುತ್ತದೆ ನಿಯಮ. ಶಾಲೆ ನಡೆಸುವವನಿಗೆ ನಿಮ್ಮ ಪ್ರಮಾಣಪತ್ರದ ಅಗತ್ಯವಿದೆ. ಮೊದಲ ಎರಡು ವರ್ಷ ಸಂಬಳಕ್ಕೆ ಸೇರಿ, ಕಲಿಸುವುದನ್ನು ಕಲಿಯಿರಿ.

ಆಮೇಲೆ ಸ್ವಂತದ್ದು. ಕಾಗದ ಇದ್ದವನೊಬ್ಬ, ಕಾರು ಇದ್ದವನೊಬ್ಬ, ರಸ್ತೆ ಬದಿಯಲ್ಲಿ ಖೋಲಿ ಇದ್ದವನೊಬ್ಬ ಒಂದಾದರೆ ಶಾಲೆ ಅರ್ಧ ಎದ್ದಂತೆ. ಲೈಸೆನ್ಸಿನ ಶುಲ್ಕ 10,000 ರೂಪಾಯಿ, ಐದು ವರ್ಷಕ್ಕೆ. ಜಾಗ ಸ್ವಂತದ್ದೇ ಆಗಬೇಕಿಲ್ಲ, ಬಾಡಿಗೆಯದೂ ನಡೆಯುತ್ತದೆ. ಪಾಠ ಮಾಡಲು, ಗಾಡಿ ನಿಲ್ಲಿಸಲು ಸ್ಥಳ ಇರಬೇಕು. ಕಲಿಸುವ ಒಂದೊಂದು ಬಗೆಗೆ ಕನಿಷ್ಠ ಒಂದು ವಾಹನ ಇರಬೇಕು. ಕಾರಾದರೆ ಮಾಸ್ತರನ ಕಾಲ ಕೆಳಗೂ ಪೆಡಲ್ ಇರುವ ಡುಯಲ್ ಕಂಟ್ರೋಲ್ ಕಡ್ಡಾಯ. ಕಪ್ಪು ಹಲಗೆ, ಚಿಹ್ನೆಗಳ ಪಟ, ಎಂಜಿನ್ ಗಿಯರ್‌ಬಾಕ್ಸ್ ಬ್ರೇಕ್ ಡ್ರಮ್, ಪಂಕ್ಚರ್ ಸಾಮಾನು, ಪಾನಾ ಸೆಟ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಒಂದಿಷ್ಟು ಪುಸ್ತಕ ಇವೂ ಪಟ್ಟಿಯಲ್ಲಿವೆ. ಎಂಜಿನ್, ಗಿಯರ್‌ಬಾಕ್ಸ್ ತೋರಿಸಲಿಕ್ಕೆ ತಾನೆ? ಗುಜರಿ ಅಂಗಡಿಯಲ್ಲಿ ತೂಕಕ್ಕೆ ಸಿಗುತ್ತವೆ. ನೀವೇ ಬಿಚ್ಚಿ, ತೊಳೆದು, ಬಣ್ಣ ಹಚ್ಚಿ ಇಡಿ. ಐಟಿಐ ಓದಿದ್ದು ಅದಕ್ಕೇ.

ಸಾಲ ಬೇಕಾದರೆ ಬಡ್ಡಿ ಸಾಹುಕಾರನ ಕಟ್ಟೆ ಹತ್ತಬೇಡಿ. ಮುದ್ರಾ ಯೋಜನೆ 2015ರಿಂದ ಇದೆ. ಅಡಮಾನವಿಲ್ಲದೆ ಶಿಶು ವರ್ಗದಲ್ಲಿ 50,000, ಕಿಶೋರ ವರ್ಗದಲ್ಲಿ 5 ಲಕ್ಷದವರೆಗೆ. ಹಳೆಯ ಒಂದು ಕಾರಿಗೆ ಅಷ್ಟು ಸಾಕು. ಲೆಕ್ಕಪತ್ರ, ಗಿರಾಕಿಯೊಡನೆ ನಡವಳಿಕೆ ಕಲಿಯಲು ಬ್ಯಾಂಕುಗಳು ನಡೆಸುವ ಆರ್‌ಸೆಟಿ ಸಂಸ್ಥೆಗಳಿವೆ. ಊಟ, ವಸತಿ, ತರಬೇತಿ ಎಲ್ಲವೂ ಉಚಿತ. 1982ರಲ್ಲಿ ನಮ್ಮ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟಿಯನ್ನೇ ಮಾದರಿ ಮಾಡಿಕೊಂಡು ಇವು ದೇಶದ ಜಿಲ್ಲೆ ಜಿಲ್ಲೆಗೂ ಹಬ್ಬಿದವು. ಕನ್ನಡ ನಾಡು ದೇಶಕ್ಕೆ ಕೊಟ್ಟ ವಿದ್ಯೆಯ ಲಾಭ ಕನ್ನಡದ ಹುಡುಗನಿಗೂ ಸಿಗಲಿ!

ಒಂದು ಎಚ್ಚರಿಕೆ. 2021ರಿಂದ 'ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರ' ಎಂಬ ದೊಡ್ಡ ಕೇಂದ್ರಗಳ ನಿಯಮ ಬಂದಿದೆ. ಅದಕ್ಕೆ ಎಕರೆ ಲೆಕ್ಕದಲ್ಲಿ ಜಮೀನು ಬೇಕು. ಅಲ್ಲಿ ಕಲಿಸುವವನು ಹನ್ನೆರಡನೇ ತರಗತಿ ಓದಿರಬೇಕು, ಐದು ವರ್ಷದ ಅನುಭವವೂ ಇರಬೇಕು. ಅಲ್ಲಿ ಪಾಸಾದವನಿಗೆ ಆರ್‌ಟಿಒ ಚಾಲನಾ ಪರೀಕ್ಷೆ ಇಲ್ಲ. ಸಾಮಾನ್ಯ ಶಾಲೆಯ ಪ್ರಮಾಣಪತ್ರಕ್ಕೆ ಆ ವಿನಾಯಿತಿ ಇಲ್ಲ ಎಂದು ಕೇಂದ್ರ 2024ರಲ್ಲಿ ಸ್ಪಷ್ಟಪಡಿಸಿದೆ. 'ನಮ್ಮಲ್ಲಿ ಕಲಿತರೆ ಟೆಸ್ಟೇ ಇಲ್ಲ' ಎಂದು ಸುಳ್ಳು ಬೋರ್ಡು ಹಾಕುವವರ ಸಾಲಿಗೆ ನೀವು ಸೇರಬೇಡಿ. ಸಾಧ್ಯವಿದ್ದವರು ಪಿಯುಸಿಯನ್ನೂ ಮುಗಿಸಿ. ನಾಳೆ ಅಂಥ ಕೇಂದ್ರ ನಮ್ಮ ಜಿಲ್ಲೆಗೆ ಬಂದಾಗ ಕುರ್ಚಿಯಲ್ಲಿ ಕೂರುವವರು ನಮ್ಮವರೇ ಆಗಿರಲಿ.

ಕಲಿಸುವ ವಿದ್ಯೆ

ಗಾಡಿ ಹೊಡೆಯಲು ಬರುವುದು ಬೇರೆ, ಕಲಿಸಲು ಬರುವುದು ಬೇರೆ. ಅಡುಗೆ ಮಾಡುವವರೆಲ್ಲ ಅಡುಗೆ ಕಲಿಸಬಲ್ಲರೆ? 31ನೇ ನಿಯಮದಲ್ಲಿ ಪಠ್ಯಕ್ರಮವೇ ಇದೆ. ಕಾರು ಕಲಿಯುವವನಿಗೆ ಕನಿಷ್ಠ 21 ದಿನ, ಅದರಲ್ಲಿ ಸ್ಟೇರಿಂಗ್ ಹಿಡಿದು ಓಡಿಸುವುದು ಕನಿಷ್ಠ 10 ಗಂಟೆ. ಸಾರಿಗೆ ವಾಹನಕ್ಕೆ 30 ದಿನ, 15 ಗಂಟೆ. ಜೊತೆಗೆ ಎಂಜಿನ್ನಿನ ಪರಿಚಯ, ರಸ್ತೆಯ ಪ್ರಜ್ಞೆ, ಚಿಹ್ನೆ, ಪ್ರಥಮ ಚಿಕಿತ್ಸೆ. ಓಡಿಸಿದ ಗಂಟೆಗಳನ್ನು ಬರೆದಿಡುವ ರಿಜಿಸ್ಟರೂ ಇರಬೇಕು. ಕರ್ನಾಟಕದಲ್ಲಿ ಕಾರು ಕಲಿಕೆಯ ಶುಲ್ಕ 2024ರ ಜನವರಿಯಿಂದ 7,000 ರೂಪಾಯಿ ಆಯಿತು. ಜೇವರ್ಗಿಯ ಒಬ್ಬ ರೈತನ ಮಗ ಅಷ್ಟು ಎಣಿಸಿ ಕೊಟ್ಟಾಗ, ಅವನಿಗೆ ಹತ್ತು ಗಂಟೆಯ ಬದಲು ನಾಲ್ಕು ಗಂಟೆ ಕೊಟ್ಟು ಕಳಿಸಿದರೆ ಅದು ಕಳ್ಳತನ. ಆ ಕಳ್ಳತನಕ್ಕೆ ದಂಡ ತೆರುವವನು ರಸ್ತೆ ದಾಟುವ ಮಗು.

ಕಲಿಸುವುದನ್ನು ಅಭ್ಯಾಸ ಮಾಡಲು ದುಡ್ಡು ಬೇಡ. ದಿನವೂ ಗಾಡಿ ಓಡಿಸುವಾಗ ಕಂಡದ್ದನ್ನೂ ಮಾಡಿದ್ದನ್ನೂ ಬಾಯಿಬಿಟ್ಟು ಹೇಳುತ್ತಾ ಹೋಗಿ. ಕಲಬುರಗಿಯಿಂದ ಜೇವರ್ಗಿಗೆ ಹೊರಟಿದ್ದೀರಿ ಎನ್ನೋಣ. 'ಮುಂದೆ ಕಟ್ಟಿಸಂಗಾವಿ ಸೇತುವೆ. ಎದುರಿಗೆ ಲಾರಿ ಬರುತ್ತಿದೆ. ಕನ್ನಡಿ ನೋಡಿದೆ, ಹಿಂದೆ ಬೈಕಿದೆ. ಕಾಲು ಆಕ್ಸಿಲೇಟರ್ ಮೇಲಿಂದ ತೆಗೆದೆ, ಗಿಯರ್ ಇಳಿಸಿದೆ.' ಮೊದಲು ನಗೆ ಬರುತ್ತದೆ. ಎಂಟು ದಿನಕ್ಕೆ ನಿಮಗೇ ಗೊತ್ತಾಗುತ್ತದೆ, ಕೈಗೆ ಗೊತ್ತಿದ್ದ ಎಷ್ಟೋ ಸಂಗತಿ ಬಾಯಿಗೆ ಗೊತ್ತಿರಲಿಲ್ಲ ಎಂದು. ಬಾಯಿಗೆ ಬಂದ ದಿನ ನೀವು ಮಾಸ್ತರರು.

ಸೆಕೆಂಡಿಗೆ ಹನ್ನೊಂದು ಮೀಟರ್

ಈಗ ಭಾಷೆಯ ಮಾತು. ಕನ್ನಡದಲ್ಲಿ ಕಲಿಸಿ ಎನ್ನುವುದು ಬರೀ ಅಭಿಮಾನದ ಮಾತಲ್ಲ. ಗಂಟೆಗೆ 40 ಕಿಲೋಮೀಟರಿನ ಸಾಧಾರಣ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 11 ಮೀಟರ್ ಓಡುತ್ತದೆ. ಅಂಥ ಹೊತ್ತಿನಲ್ಲಿ ಮಾಸ್ತರ ಕಲಿಯುವವನಿಗೆ ಅರ್ಥವಾಗದ ಒಂದು ಮಾತು ಆಡಿದ ಎನ್ನಿ. 'ಏನಂದ್ರಿ ಸರ?' ಎಂದು ಅವನು ತಿರುಗಿ ಕೇಳುವಷ್ಟರಲ್ಲಿ ಗಾಡಿ ಇಪ್ಪತ್ತೆರಡು ಮೀಟರ್ ದಾಟಿರುತ್ತದೆ! ಜೀವ ಉಳಿಸುವ ಮಾತು ತಾಯಿ ಕರೆದಷ್ಟು ಬೇಗ ಕಿವಿಗೆ ತಲುಪಬೇಕು.

ಹಾಗೆಂದು ಕ್ಲಚ್ಚಿಗೂ ಗಿಯರಿಗೂ ಕನ್ನಡ ಪದ ಹುಡುಕುತ್ತಾ ಕೂರಬೇಡಿ. ಕ್ಲಚ್ ಕ್ಲಚ್ಚೇ, ಬ್ರೇಕ್ ಬ್ರೇಕೇ. ಅವು ನಮ್ಮ ಹಳ್ಳಿಯ ಅಜ್ಜಿಗೂ ಗೊತ್ತು. ಕನ್ನಡ ಬೇಕಾಗಿರುವುದು ವಿವರಣೆಗೆ. 'ಕ್ಲಚ್ ಹಗೂರಕ ಬಿಡ್ರಿ, ಗಾಡಿ ನಡುಗಿತಲ್ಲಾ, ಅಲ್ಲೇ ಕಾಲು ತಡೀರಿ' ಎಂದರೆ ಆಳಂದದ ಹುಡುಗನಿಗೆ ಒಂದೇ ದಿನಕ್ಕೆ ಹತ್ತುತ್ತದೆ. 'ಮೊದಲು ಕನ್ನಡಿ, ಆಮೇಲೆ ಸಿಗ್ನಲ್, ಕಡೀಕ ಸ್ಟೇರಿಂಗ್' ಎಂಬ ಒಂದು ಸಾಲು ಜೀವನವಿಡೀ ನೆನಪಿರುತ್ತದೆ. ಕೆಂಪು ಅಂಚಿನ ದುಂಡು ಚಿಹ್ನೆ ಹೆಚ್ಚಾಗಿ ಅಪ್ಪಣೆ, ತ್ರಿಕೋನ ಹೆಚ್ಚಾಗಿ ಎಚ್ಚರಿಕೆ, ನೀಲಿ ಚೌಕ ಮಾಹಿತಿ ಎಂದು ಹೇಳಿಕೊಡಿ. ಅಕ್ಷರ ಅಷ್ಟಕ್ಕಷ್ಟೇ ಬರುವವನೂ ಕಲಿಯುತ್ತಾನೆ.

ಇನ್ನೂ ಒಂದು ಮಾತು. ನಮ್ಮ ಸೀಮೆಯಲ್ಲಿ ದಖನಿ ಆಡುವವರಿದ್ದಾರೆ, ತಾಂಡಾದ ಲಂಬಾಣಿ ಮಕ್ಕಳಿದ್ದಾರೆ, ಗಡಿಯಲ್ಲಿ ಮರಾಠಿ ಮನೆಗಳಿವೆ. ಕನ್ನಡದ ಮಾಸ್ತರ ಅವರ ನಾಲ್ಕು ಮಾತು ಕಲಿತು ಅವರನ್ನು ಕನ್ನಡದ ಪಾಠಕ್ಕೆ ಕೈ ಹಿಡಿದು ಕರೆದುಕೊಂಡು ಬರಲಿ. ಬೈದು ಭಾಷೆ ಬೆಳೆಸಿದವರಿಲ್ಲ. ಕಲಿಸಿ ಬೆಳೆಸಿದವರಿದ್ದಾರೆ.

ಅಕ್ಕ-ತಂಗಿಯರಿಗೆ

ಈ ಕೆಲಸದಲ್ಲಿ ನಿಮಗೆ ಗಂಡಸರಿಗಿಂತ ಒಂದು ಪಾಲು ಹೆಚ್ಚು ಅವಕಾಶ. ತಾಲ್ಲೂಕು ಊರುಗಳಲ್ಲಿ ಶಿಕ್ಷಕಿಯರು, ನರ್ಸುಗಳು, ಕಾಲೇಜು ಹುಡುಗಿಯರು ಗಾಡಿ ಕಲಿಯಬೇಕು ಎನ್ನುತ್ತಾರೆ. ಮನೆಯವರು ಅಪರಿಚಿತ ಗಂಡಸಿನ ಪಕ್ಕ ಕೂರಿಸಲು ಹಿಂಜರಿಯುತ್ತಾರೆ. ಪಕ್ಕದ ಸೀಟಿನಲ್ಲಿ 'ಹೆದರಬ್ಯಾಡವ್ವ, ನಾ ಇದ್ದೀನಿ' ಎನ್ನುವ ಅಕ್ಕ ಒಬ್ಬಳಿದ್ದರೆ ಎಷ್ಟು ಮನೆಯ ಬಾಗಿಲು ತೆರೆದೀತು! ಐಟಿಐಯ ಮೆಕ್ಯಾನಿಕ್ ಟ್ರೇಡಿಗೆ ಹೆಣ್ಣುಮಕ್ಕಳು ಸೇರಬಾರದು ಎಂದು ಯಾವ ನಿಯಮವೂ ಹೇಳಿಲ್ಲ. ಗ್ರೀಸು ಕೈಗೆ ಹತ್ತಿದರೆ ಸೋಪಿಗೆ ಹೋಗುತ್ತದೆ. ಕಲಿತ ವಿದ್ಯೆ ಹೋಗುವುದಿಲ್ಲ.

ಇವತ್ತೇ ಮಾಡಿ

ಭಾಷಣ ಕೇಳಿ ಚಪ್ಪಾಳೆ ತಟ್ಟಿ ಹೋಗುವುದು ಬೇಡ. ಇವತ್ತು ರೂಮಿಗೆ ಹೋದ ಮೇಲೆ ನಿಮ್ಮ ಲೈಸೆನ್ಸ್ ತೆಗೆದು ತಾರೀಕು ನೋಡಿ, ಐದು ವರ್ಷಕ್ಕೆ ಇನ್ನೆಷ್ಟು ಉಳಿದಿದೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಅಂಕಪಟ್ಟಿ ಎಲ್ಲಿದೆ ಹುಡುಕಿ. ಹಳೆಯ ಮಾಲೀಕನಿಗೆ ಫೋನ್ ಮಾಡಿ ಅನುಭವದ ಪತ್ರ ಕೇಳಿ. ಮೂರಕ್ಕೂ ಒಂದು ಪೈಸೆ ಖರ್ಚಿಲ್ಲ.

ನಮ್ಮ ಊರಿನ ಹುಡುಗ ಪರ ಊರಿನ ರಸ್ತೆಯಲ್ಲಿ ಬೆವರು ಸುರಿಸಿ ಕಲಿತ ವಿದ್ಯೆ ಅವನ ಮೈಯ ಜೊತೆಗೇ ಸವೆದು ಹೋಗಬಾರದು. ಅದು ಆಳಂದದ, ಅಫಜಲಪುರದ, ಜೇವರ್ಗಿಯ ಮುಂದಿನ ಮಕ್ಕಳಿಗೆ ದಾಟಬೇಕು. ಕನ್ನಡದಲ್ಲಿ ದಾಟಬೇಕು. ಕಾನೂನು ಬಾಗಿಲು ತೆರೆದಿಟ್ಟು ಮೂವತ್ತು ವರ್ಷ ಮೀರಿದೆ. ಒಳಗೆ ಕಾಲಿಡಿ.

ಸಿರಿಗನ್ನಡಂ ಗೆಲ್ಗೆ!